ಅಖಾಡದಲ್ಲಿ ತೀರಿಕೊಂಡವರಿಗೆ ನಾವು ಸಲ್ಲಿಸುವ ಗೌರವ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ಮಕ್ಕಳಿಗೆ ಅವಕಾಶಗಳು’ ಎಂದು ಅಚ್ಚಾಗಿದೆ. ಹೆಡ್‌ಮಾಸ್ಟರ ಅಪ್ಪಣೆ ಕೇಳಿಕೊಂಡು ವಿಷಯ ಬದಲಿಸಿದ್ದೇನೆ. ಅವಕಾಶಗಳ ಬಗ್ಗೆ ಊಟವಾದ ಮೇಲೆ ಹತ್ತನೇ ತರಗತಿಯ ಕೋಣೆಯಲ್ಲಿ ಮಕ್ಕಳ ಜೊತೆ ಕೂತು ಮಾತಾಡುತ್ತೇನೆ. ಅದಕ್ಕೆ ಮೈಕೂ ಬೇಡ, ಹಾರವೂ ಬೇಡ.

ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ, ತೀರಿಕೊಂಡ ಗುರುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ನಿಮಿಷ ಮೌನ ಆಚರಿಸಿದೆವು. ಎಲ್ಲರೂ ಎದ್ದು ನಿಂತೆವು. ಹಿಂದಿನ ಸಾಲಿನಲ್ಲಿ ಒಬ್ಬರ ಫೋನು ಹೊಡೆದುಕೊಂಡಿತು. ನಿರೂಪಕರು ‘ಧನ್ಯವಾದಗಳು, ಎಲ್ಲರೂ ಕುಳಿತುಕೊಳ್ಳಬೇಕು’ ಎಂದರು. ನಾನು ಗಡಿಯಾರ ನೋಡಿಕೊಂಡಿದ್ದೆ: ಇಪ್ಪತ್ತನಾಲ್ಕು ಸೆಕೆಂಡು. ನಿರೂಪಕರನ್ನು ತಪ್ಪು ಹಿಡಿಯಲು ಇದನ್ನು ಹೇಳುತ್ತಿಲ್ಲ. ಹೀಗೆ ಎಣಿಸುವುದು ನನಗೆ ಏಳೆಂಟು ವರ್ಷದಿಂದ ಅಂಟಿದ ಚಟ. ಆ ಚಟ ಹೇಗೆ ಬಂತು ಎನ್ನುವುದೇ ಇವತ್ತಿನ ನನ್ನ ಮಾತು.

ನಮ್ಮ ಬ್ಯಾಚಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಗೆಳೆಯನಿದ್ದ. ಅವನ ಹೆಸರು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಈ ಮಾತು ಪುಸ್ತಕದಲ್ಲಿ ಅಚ್ಚಾಗುತ್ತದೆ ಎಂದು ಗೊತ್ತಿದ್ದರಿಂದ ಹೋದ ವಾರ ಅವನ ಅವ್ವನನ್ನು ಕೇಳಿ ಬಂದೆ. ಅವರು ಏನು ಹೇಳಿದರು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಗೆಳೆಯ ಎಂದೇ ಕರೆಯುತ್ತೇನೆ. ಖೋಖೋದಲ್ಲಿ ಅವನನ್ನು ಮುಟ್ಟುವವರಿರಲಿಲ್ಲ. ಗಣಿತದಲ್ಲಿ ನನ್ನ ಪೇಪರ್ ನೋಡಿ ಬರೆಯುತ್ತಿದ್ದ, ನಾನು ಡ್ರಾಯಿಂಗ್ ಪರೀಕ್ಷೆಯಲ್ಲಿ ಅವನ ಕೈಯಲ್ಲಿ ಬರೆಸುತ್ತಿದ್ದೆ. ಮೇಷ್ಟ್ರು ಕ್ಷಮಿಸಬೇಕು.

ಎಂಟು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಸೊರಬದ ಕಡೆಯ ಒಂದು ಊರಿನ ಹೋರಿ ಹಬ್ಬಕ್ಕೆ ಅವನು ಹೋಗಿದ್ದ. ಹಿಡಿಯಲು ಅಲ್ಲ, ನೋಡಲು. ಅಡಿಕೆ ದಬ್ಬೆಯ ಬೇಲಿಯ ಹೊರಗೆ, ಒಂದು ಟ್ರ್ಯಾಕ್ಟರ್ ಟ್ರ್ಯಾಲಿಯ ಪಕ್ಕದಲ್ಲಿ ನಿಂತಿದ್ದ. ಓಡಿ ಮುಗಿಸಿದ ಹೋರಿಗೆ ಮುಂದೆ ದಾರಿ ಇರಲಿಲ್ಲ, ಅಖಾಡದ ತುದಿಯಲ್ಲಿ ಜನ ತುಂಬಿಕೊಂಡಿದ್ದರು. ಅದು ತಿರುಗಿತು, ಬೇಲಿ ಹಾರಿತು. ಅವನ ಎದೆಗೆ ತಿವಿಯಿತು. ಇಬ್ಬರು ಹುಡುಗರು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು, ಅಲ್ಲಿಂದ ಶಿವಮೊಗ್ಗಕ್ಕೆ ಎಂದರು, ಶಿವಮೊಗ್ಗ ಮುಟ್ಟಲಿಲ್ಲ. ಆಗ ಅಖಾಡದ ಮೈಕಿನಲ್ಲಿ ‘ಏನೂ ಆಗಿಲ್ಲ, ಎಲ್ಲರೂ ಸಹಕರಿಸಬೇಕು, ಮುಂದಿನ ಹೋರಿ ಬರ್ತಾ ಇದೆ’ ಎಂದು ಹೇಳಿದರಂತೆ. ಸಂಜೆ ಬಹುಮಾನ ವಿತರಣೆಯೂ ಆಯಿತು.

ಮುಂದಿನ ವರ್ಷ ಅದೇ ಅಖಾಡಕ್ಕೆ ನಾನು ಹೋದೆ. ಬಾಗಿಲಿನಲ್ಲಿ ದೊಡ್ಡ ಫ್ಲೆಕ್ಸ್: ಭಾವಪೂರ್ಣ ಶ್ರದ್ಧಾಂಜಲಿ, ಮತ್ತೆ ಹುಟ್ಟಿ ಬಾ ಗೆಳೆಯ. ಮೇಲೆ ಅವನ ಫೋಟೋ. ಕೆಳಗೆ ಶೋಕ ವ್ಯಕ್ತಪಡಿಸುವವರ ಹದಿನಾಲ್ಕು ಫೋಟೋ, ಒಬ್ಬೊಬ್ಬರದೂ ಅವನ ಫೋಟೋದಷ್ಟೇ ದೊಡ್ಡದು, ಇಬ್ಬರದು ಕನ್ನಡಕ ಹಾಕಿಕೊಂಡದ್ದು. ಎರಡು ನಿಮಿಷ ಮೌನ ಎಂದು ಮೈಕಿನಲ್ಲಿ ಹೇಳಿದರು. ಹದಿನೆಂಟು ಸೆಕೆಂಡಿಗೆ ಒಬ್ಬ ಪೀಪಿ ಊದಿದ, ಹಲಗೆ ಶುರುವಾಯಿತು, ಮೊದಲ ಹೋರಿ ಬಿಟ್ಟರು. ಅವನು ಎಲ್ಲಿ ನಿಂತಿದ್ದ, ಹೇಗೆ ಸತ್ತ ಎಂದು ಯಾರೂ ಹೇಳಲಿಲ್ಲ. ಬೇಲಿ ಹೋದ ವರ್ಷ ಇದ್ದ ಜಾಗದಲ್ಲೇ, ಹೋದ ವರ್ಷದಷ್ಟೇ ಎತ್ತರಕ್ಕೆ ಇತ್ತು.

ಬೈಯುವುದು ಸುಲಭ. ಆದರೆ ಆ ಹದಿನಾಲ್ಕು ಫೋಟೋಗಳಲ್ಲಿ ಎಡದಿಂದ ನಾಲ್ಕನೆಯದು ನನ್ನದು. ಫ್ಲೆಕ್ಸಿಗೆ ಐನೂರು ರೂಪಾಯಿ ಫೋನ್‌ಪೇ ಮಾಡಿದ್ದೆ. ಬೇಲಿಯ ಬಗ್ಗೆ ನಾನೂ ಕೇಳಿರಲಿಲ್ಲ.

ಇದು ಹೋರಿ ಹಬ್ಬದ ವಿರುದ್ಧದ ಭಾಷಣ ಎಂದು ಯಾರೂ ತಿಳಿಯಬೇಡಿ. ಹೋರಿ, ಎತ್ತು, ಕೋಣಗಳ ಆಟಗಳ ಮೇಲೆ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. 2014ರ ಮೇ 7ರ ತೀರ್ಪು ಜಲ್ಲಿಕಟ್ಟನ್ನು ನಿಲ್ಲಿಸಿತ್ತು. ರಾಜ್ಯಗಳು ಕಾಯ್ದೆ ತಿದ್ದಿದ ಮೇಲೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ವಾದ ವಕೀಲರಿಗೆ ಬಿಡೋಣ. ಬೆಂಗಳೂರಿನಲ್ಲಿದ್ದರೂ ದೀಪಾವಳಿಗೆ ರಜೆ ಹಾಕಿ ಬರುವವನು ನಾನು. ಕೊಬ್ಬರಿ ಹಾರ ಹಾಕಿಕೊಂಡು, ಬಲೂನು ಕಟ್ಟಿಸಿಕೊಂಡು ಹೋರಿ ಗಾಳಿಯ ಹಾಗೆ ಬರುವಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತದೆ. ಆದರೆ ಶಿಕಾರಿಪುರ, ಸೊರಬ, ಪಕ್ಕದ ಹಾವೇರಿ ಜಿಲ್ಲೆ, ಈ ಸೀಮೆಯಲ್ಲಿ ಹಬ್ಬ ನೋಡಲು ಹೋದವರು ಹೆಣವಾಗಿ ಮನೆಗೆ ಬಂದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಸತ್ತವರಲ್ಲಿ ಹಿಡಿಯುವವರಿಗಿಂತ ಪಕ್ಕದಲ್ಲಿ ನಿಂತವರ ಸುದ್ದಿಯೇ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ. ಅವರಿಗೆ ಸೇರಿದ ಜನ ಹೇಗೆ ಗೌರವ ಸಲ್ಲಿಸಬೇಕು, ಇಷ್ಟೇ ನನ್ನ ಪ್ರಶ್ನೆ.

ಮೌನ ನಿಲ್ಲುವುದು ಮೂಲದಲ್ಲಿ ನಮ್ಮ ಪದ್ಧತಿಯಲ್ಲ. ಮೊದಲ ಮಹಾಯುದ್ಧ ಮುಗಿದು ಒಂದು ವರ್ಷವಾದಾಗ, 1919ರ ನವೆಂಬರ್ 11ರಂದು, ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಎರಡು ನಿಮಿಷ ಎಲ್ಲ ಕೆಲಸ ನಿಲ್ಲಿಸಿ ಎಂದು ಕರೆ ಕೊಟ್ಟರು. ಈ ಪದ್ಧತಿ ಆಟದ ಮೈದಾನಗಳಿಗೂ ನಮ್ಮ ಸಭೆಗಳಿಗೂ ಬಂದುಬಿಟ್ಟಿದೆ. ನಮ್ಮ ಊರುಗಳಲ್ಲಿ ಹೆಣ ಎತ್ತುವುದು ಮೌನದಲ್ಲಲ್ಲ. ಭಜನೆ ಇರುತ್ತದೆ, ಹಲಗೆ ಇರುತ್ತದೆ, ಹೆಂಗಸರು ಸತ್ತವನ ಗುಣ ಹೇಳಿಕೊಂಡು ಅಳುತ್ತಾರೆ. ಆ ಅಳುವಿನಲ್ಲಿ ಅವನ ಹೆಸರಿರುತ್ತದೆ, ಅವನು ಬೆಳಗ್ಗೆ ಏನು ಉಂಡು ಹೋದ ಎನ್ನುವುದಿರುತ್ತದೆ, ಹೇಗೆ ಸತ್ತ ಎನ್ನುವುದೂ ಇರುತ್ತದೆ. ಹಾಗಾಗಿ ಐದು ಸಾವಿರ ಜನರ ಅಖಾಡದಲ್ಲಿ ಪಿನ್ ಬಿದ್ದರೂ ಕೇಳುವ ಮೌನ ಬರಲಿಲ್ಲ ಎಂದು ನಾನು ಈಗ ಬೇಸರ ಮಾಡಿಕೊಳ್ಳುವುದಿಲ್ಲ. ಚಟಕ್ಕೆ ಎಣಿಸುತ್ತೇನೆ, ಅಷ್ಟೇ. ಆ ಅಳುವಿನಲ್ಲಿ ಇರುವುದು ನಮ್ಮ ಮೈಕಿನಲ್ಲಿ ಇಲ್ಲವಲ್ಲ, ಅದು ನನ್ನ ಬೇಸರ.

ಇನ್ನೂ ಹಳೆಯ ಪದ್ಧತಿಯೊಂದು ನಮ್ಮ ಕಣ್ಣೆದುರಿಗೇ ಇದೆ. ನಮ್ಮ ಎರಡೂ ತಾಲ್ಲೂಕಿನಲ್ಲಿ ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ, ಗದ್ದೆಯ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಬಳ್ಳಿಗಾವಿಗೆ ಹೋದವರು ನೋಡಿರುತ್ತೀರಿ, ಸೊರಬದ ಉದ್ರಿಯಲ್ಲಂತೂ ಸಾಲಾಗಿವೆ. ನೂರಿಪ್ಪತ್ತು ವರ್ಷದ ಹಿಂದೆ ಬಿ.ಎಲ್. ರೈಸ್ ಅವರು ಇವನ್ನೆಲ್ಲ ಓದಿಸಿ ಅಚ್ಚು ಹಾಕಿಸಿದರು. ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ, ಅಂದರೆ 1902ರಲ್ಲಿ, ಶಿಕಾರಿಪುರದ ಶಾಸನಗಳಿವೆ. 1904ರ ಎಂಟನೇ ಸಂಪುಟದಲ್ಲಿ ಸೊರಬದವು. ಚಿಕ್ಕಂದಿನಲ್ಲಿ ನಾವು ಆ ಕಲ್ಲುಗಳ ಮೇಲೆ ಬಟ್ಟೆ ಒಣಗಿಸಿದ್ದೇವೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಶನಿವಾರ ನಮ್ಮನ್ನು ನಡೆಸಿಕೊಂಡು ಹೋಗಿ ತೋರಿಸುವ ತನಕ ಅದು ಏನು ಎಂದು ನನಗೆ ಗೊತ್ತಿರಲಿಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಅವತ್ತು ಮೇಷ್ಟ್ರು ಹೇಳಿದ್ದರು. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಮೇಲಿನದರಲ್ಲಿ ಸತ್ತವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಕೆಳಗಿನದರಲ್ಲಿ ಅವನು ಹೇಗೆ ಸತ್ತ ಎನ್ನುವುದು ಇರುತ್ತದೆ. ತುರುಗಳನ್ನು ಹೊಡೆದುಕೊಂಡು ಹೋಗುವವರ ಎದುರು ನಿಂತು ಸತ್ತನೋ, ಹುಲಿಯ ಜೊತೆ ಹೋರಾಡಿ ಸತ್ತನೋ, ಊರಿಗೆ ನುಗ್ಗಿದವರನ್ನು ತಡೆದು ಸತ್ತನೋ, ಅದನ್ನು ಕಲ್ಲುಕುಟಿಗ ಬಿಡಿಸಿ ತೋರಿಸಿರುತ್ತಾನೆ. ನಡುವಿನ ಅಂಚಿನಲ್ಲಿ ಅಕ್ಷರ ಇದ್ದರೆ ಹೆಸರು, ಊರು, ಯಾರ ಆಳ್ವಿಕೆ ಎಂಬುದೂ ಸಿಗುತ್ತದೆ. ಎಷ್ಟೋ ಕಡೆ ಇನ್ನೊಂದು ಮಾತೂ ಇರುತ್ತದೆ: ಸತ್ತವನ ಮನೆಯವರಿಗೆ ಇಷ್ಟು ಭೂಮಿ ಬಿಟ್ಟೆವು ಎಂದು. ಹಾಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ನೆತ್ತರಿಗೆ ಕೊಟ್ಟ ಕೊಡುಗೆ.

ನಮ್ಮ ಫ್ಲೆಕ್ಸನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಕೈಲಾಸದ ಪಟ್ಟಿಕೆ ಇದೆ: ಮೋಡ, ಬಿಳಿ ಪಾರಿವಾಳ, ಮತ್ತೆ ಹುಟ್ಟಿ ಬಾ. ಅಪ್ಸರೆಯರ ಜಾಗದಲ್ಲಿ ನಾವು ಹದಿನಾಲ್ಕು ಜನ ಇದ್ದೇವೆ. ಕೆಳಗಿನ ಪಟ್ಟಿಕೆಯೇ ಇಲ್ಲ. ನೆತ್ತರುಗೊಡಗೆಯ ಮಾತೂ ಇಲ್ಲ.

ವೀರಗಲ್ಲು ಯುದ್ಧದಲ್ಲಿ ಸತ್ತವನಿಗೆ, ಆಟ ನೋಡಲು ಹೋಗಿ ಸತ್ತವನಿಗೆ ಎಲ್ಲಿಯ ಹೋಲಿಕೆ ಎಂದು ನನ್ನ ಚಿಕ್ಕಪ್ಪ ಒಮ್ಮೆ ಕೇಳಿದರು. ಅವರಿಗೆ ಆತಕೂರಿನ ಕಲ್ಲಿನ ಕಥೆ ಹೇಳಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಸುಮಾರು ಕ್ರಿ.ಶ. 950ರ ಕಾಲದ್ದು. ಗಂಗರ ಬೂತುಗ ತನ್ನ ಕಡೆಯ ಮಣಲೇರನಿಗೆ ಕಾಳಿ ಎಂಬ ಬೇಟೆನಾಯಿಯನ್ನು ಕೊಟ್ಟಿದ್ದ. ಅದು ಹಂದಿಯ ಜೊತೆ ಕಾದಾಡಿ, ಹಂದಿಯೂ ನಾಯಿಯೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆ ಬಿದ್ದಿರುವ ಚಿತ್ರವೂ ಇದೆ. ಬೇಟೆ ಅವತ್ತಿನ ಆಟವೇ ಅಲ್ಲವೇ? ಹೆಸರಾದ ಹೋರಿ ಸತ್ತರೆ ನಾವು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ, ಹೂ ಹಾಕಿ ಮಣ್ಣು ಮಾಡುತ್ತೇವೆ. ಪೇಟೆಯವರು ಇದನ್ನು ನೋಡಿ ನಗುತ್ತಾರೆ. ನನಗೆ ಅದರಲ್ಲಿ ನಗುವಂಥದ್ದು ಕಾಣುವುದಿಲ್ಲ, ಅದು ಕಾಳಿಯ ಕಾಲದಿಂದ ಬಂದದ್ದು. ಹೋರಿ ಸತ್ತರೆ ಅದು ಎಷ್ಟು ಅಖಾಡ ಗೆದ್ದಿತು, ಯಾವ ಕಾಯಿಲೆಯಿಂದ ಸತ್ತಿತು, ಎಲ್ಲವನ್ನೂ ಅಭಿಮಾನಿ ಬಳಗದವರು ಬಾಯಿಪಾಠ ಹೇಳುತ್ತಾರೆ. ಮನುಷ್ಯನ ವಿಷಯಕ್ಕೆ ಬಂದಾಗ ಮಾತ್ರ ಆ ಬಾಯಿ ಕಟ್ಟಿಹೋಗುತ್ತದೆ.

ಜನಕ್ಕೆ ಗೌರವ ಸಲ್ಲಿಸಲು ಬರುವುದಿಲ್ಲ ಎಂದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಒಂದು ವಾರಕ್ಕೆ ದೀಪಾವಳಿ. ಆ ವರ್ಷ ನಮ್ಮ ಕಡೆಯ ಅಖಾಡಗಳಲ್ಲಿ ಅಪ್ಪು ಫೋಟೋ ಕಟ್ಟಿಕೊಂಡು ಓಡಿದ ಹೋರಿಗಳನ್ನು ನೀವೂ ನೋಡಿದ್ದೀರಿ. ಆದರೆ ನನಗೆ ಅದಕ್ಕಿಂತ ನೆನಪಿರುವುದು ಬೇರೆ. ಅವರ ಕಣ್ಣುಗಳನ್ನು ದಾನ ಮಾಡಲಾಯಿತು, ನಾಲ್ಕು ಜನಕ್ಕೆ ದೃಷ್ಟಿ ಬಂತು. ಅದನ್ನು ಕೇಳಿ ರಾಜ್ಯದ ಉದ್ದಗಲಕ್ಕೂ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ನಮ್ಮ ಮನೆಯಲ್ಲಿ ಅಕ್ಷರ ಬಾರದ ನಮ್ಮ ಅತ್ತೆ ಹೆಬ್ಬೆಟ್ಟು ಒತ್ತಿ ಬಂದರು. ಅಪ್ಪುವಿಗೆ ಅತ್ತೆ ಸಲ್ಲಿಸಿದ ಆ ಗೌರವಕ್ಕೆ ಫ್ಲೆಕ್ಸ್ ಬೇಕಾಗಲಿಲ್ಲ.

ಹೊರಗಿನ ಒಂದೆರಡು ಉದಾಹರಣೆ ಹೇಳಿ ಮತ್ತೆ ನಮ್ಮ ಬೇಲಿಗೆ ಬರುತ್ತೇನೆ. ಕ್ರಿಕೆಟ್ ನೋಡುವವರಿಗೆ ಫಿಲಿಪ್ ಹ್ಯೂಸ್ ನೆನಪಿರಬೇಕು. 2014ರ ನವೆಂಬರ್ 25ರಂದು ಸಿಡ್ನಿಯಲ್ಲಿ 63 ರನ್ ಹೊಡೆದು ಆಡುತ್ತಿದ್ದಾಗ ಬೌನ್ಸರ್ ಕತ್ತಿನ ಪಕ್ಕಕ್ಕೆ ಬಡಿಯಿತು, ಎರಡು ದಿನಕ್ಕೆ ತೀರಿಕೊಂಡರು. ಡಿಸೆಂಬರ್ 9ರಂದು ಅಡಿಲೇಡಿನಲ್ಲಿ ನಮ್ಮವರ ಜೊತೆ ಟೆಸ್ಟ್. ಕೊಹ್ಲಿ ಮೊದಲ ಸಲ ಟೆಸ್ಟ್ ನಾಯಕನಾದ ಪಂದ್ಯ. ಆಟ ಶುರುವಾಗುವ ಮೊದಲು ಮೈದಾನದಲ್ಲಿದ್ದವರೆಲ್ಲ ಎದ್ದು ನಿಂತು 63 ಸೆಕೆಂಡು ಚಪ್ಪಾಳೆ ತಟ್ಟಿದರು. ಮೌನವಲ್ಲ, ಚಪ್ಪಾಳೆ. ಅವರು ಎಲ್ಲಿಗೆ ಆಟ ನಿಲ್ಲಿಸಿದರು ಎನ್ನುವುದು ಆ ಎಣಿಕೆಯಲ್ಲೇ ಇತ್ತು. ಅಷ್ಟಕ್ಕೇ ಬಿಡಲಿಲ್ಲ. ಏನಾಯಿತು ಎಂದು ತನಿಖೆ ಮಾಡಿಸಿದರು, ವಿಚಾರಣೆ ನಡೆಯಿತು. ಬೌಲರ್ ಮೇಲಾಗಲಿ ಬೇರೆ ಯಾರ ಮೇಲಾಗಲಿ ತಪ್ಪು ಹೊರಿಸಲಿಲ್ಲ. ಆದರೆ ಹೆಲ್ಮೆಟ್ಟಿಗೆ ಕತ್ತಿನ ರಕ್ಷಣೆ ಬಂತು. ತಲೆಗೆ ಏಟು ಬಿದ್ದವನ ಬದಲು ಇನ್ನೊಬ್ಬನನ್ನು ಆಡಿಸುವ ನಿಯಮ 2019ರಲ್ಲಿ ಟೆಸ್ಟ್ ಕ್ರಿಕೆಟ್ಟಿಗೆ ಬಂತು.

ನನ್ನ ಕೆಲಸದಲ್ಲೂ ಇಂಥದೇ ಒಂದು ರೂಢಿ ಇದೆ. ನಾವು ನಡೆಸುವ ವ್ಯವಸ್ಥೆ ರಾತ್ರಿ ಕುಸಿದು ಬಿದ್ದರೆ, ಬೆಳಗ್ಗೆ ಎಲ್ಲರೂ ಕೂತು ಒಂದು ಕಾಗದ ಬರೆಯಬೇಕು. ಅದನ್ನೂ ಪೋಸ್ಟ್‌ಮಾರ್ಟಮ್ ಎಂದೇ ಕರೆಯುತ್ತೇವೆ. ಎಷ್ಟು ಗಂಟೆಗೆ ಏನಾಯಿತು, ಯಾವುದು ಮೊದಲು ಮುರಿಯಿತು, ಯಾಕೆ ಯಾರಿಗೂ ಗೊತ್ತಾಗಲಿಲ್ಲ, ಮತ್ತೆ ಆಗದ ಹಾಗೆ ಏನು ಮಾಡುತ್ತೇವೆ, ಯಾವ ತಾರೀಖಿನೊಳಗೆ. ಇಂಥವನಿಂದ ಆಯಿತು ಎಂದು ಬೆರಳು ಮಾಡುವ ಹಾಗಿಲ್ಲ, ಮಾಡಿದರೆ ಮುಂದಿನ ಸಲ ಎಲ್ಲರೂ ಸುಳ್ಳು ಹೇಳುತ್ತಾರೆ. ಅಂಗಡಿಯ ಪೇಮೆಂಟ್ ಅರ್ಧ ಗಂಟೆ ನಿಂತರೆ ಇಷ್ಟು ಮಾಡುತ್ತೇವೆ. ನನ್ನ ಗೆಳೆಯನ ವಿಷಯದಲ್ಲಿ ಒಂದು ಹಾಳೆ ಬರೆದವರಿಲ್ಲ.

ಬರೆಯದಿದ್ದರೆ ಏನಾಗುತ್ತದೆ? ಖಾಲಿ ಬಿಟ್ಟ ಪಟ್ಟಿಕೆಯಲ್ಲಿ ಬೇರೆಯವರು ಬರೆಯುತ್ತಾರೆ. ಅವನು ಸತ್ತ ಒಂದು ತಿಂಗಳೊಳಗೆ, ‘ಕುಡಿದಿದ್ದನಂತೆ, ಬೇಲಿ ದಾಟಿ ಒಳಗೆ ಹೋಗಿದ್ದನಂತೆ’ ಎಂಬ ಮಾತು ಹುಟ್ಟಿತು. ಚಹಾದಂಗಡಿಯಲ್ಲಿ ಹುಟ್ಟಿದ ಮಾತು ಮದುವೆ ಮನೆಗೆ ಬಂತು. ಅವನ ಅವ್ವನ ಕಿವಿಗೂ ಬಿತ್ತು. ಅವನು ಜನ್ಮದಲ್ಲಿ ಕುಡಿದವನಲ್ಲ, ಮೂಸಿದರೆ ತಲೆನೋವು ಎನ್ನುತ್ತಿದ್ದ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಮೈದಾನದಲ್ಲಿ 1989ರ ಏಪ್ರಿಲ್ 15ರಂದು ಲಿವರ್‌ಪೂಲ್ ತಂಡದ ಫುಟ್‌ಬಾಲ್ ಪಂದ್ಯ ನೋಡಲು ಬಂದವರು ಕಂಬಿಗಳ ನಡುವೆ ನುಗ್ಗಲಾಗಿ ಸತ್ತರು. ಒಟ್ಟು 97 ಜೀವ. ಕುಡಿದು ಬಂದ ಪುಂಡರು ತಾವೇ ನುಗ್ಗಿ ಸತ್ತರು ಎಂದು ಪೊಲೀಸರು ಹೇಳಿದರು, ಪತ್ರಿಕೆಯೊಂದು ಮುಖಪುಟದಲ್ಲೇ ಬರೆಯಿತು. ಸತ್ತವರ ಮನೆಯವರು ಪ್ರತಿ ಏಪ್ರಿಲ್ 15ಕ್ಕೆ ಸೇರುತ್ತಿದ್ದರು, ಹೆಸರುಗಳನ್ನು ಓದುತ್ತಿದ್ದರು, ಸತ್ಯ ಹೇಳಿ ಎಂದು ಕೇಳುತ್ತಿದ್ದರು. ಅಭಿಮಾನಿಗಳ ತಪ್ಪೇನೂ ಇರಲಿಲ್ಲ ಎಂದು ಜ್ಯೂರಿ ಹೇಳಿದ್ದು 2016ರ ಏಪ್ರಿಲ್ 26ರಂದು. ಇಪ್ಪತ್ತೇಳು ವರ್ಷ. ಅಲ್ಲಿಯ ತಾಯಂದಿರಿಗೂ ನನ್ನ ಗೆಳೆಯನ ಅವ್ವನಿಗೂ ಭಾಷೆ ಗೊತ್ತಿದ್ದಿದ್ದರೆ ಬೇಗ ಸ್ನೇಹವಾಗುತ್ತಿತ್ತು.

ಬೆಂಗಳೂರಿನದು ಹಸಿ ಗಾಯ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಕಪ್ ಗೆದ್ದಿತು. ನಾನೂ ಮನೆಯಲ್ಲಿ ಕುಣಿದೆ, ನಮ್ಮೂರಿನ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆದ ವಿಡಿಯೋ ರಾತ್ರಿ ಒಂದು ಗಂಟೆಗೆ ಗ್ರೂಪಿಗೆ ಬಂತು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಎಲ್ಲರೂ ಚಿಕ್ಕ ವಯಸ್ಸಿನವರು, ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಹೊರಗೆ ಹೆಣ ಎತ್ತುತ್ತಿರುವಾಗ ಒಳಗೆ ಸನ್ಮಾನ ನಡೆಯಿತು. ಒಂದೇ ಗಂಟೆಯಲ್ಲಿ ಎಲ್ಲರ ಸ್ಟೇಟಸ್ಸಿನಲ್ಲಿ ಕಪ್ ಹೋಗಿ ಮೇಣದಬತ್ತಿ ಬಂತು. ಮತ್ತೆ ಒಂದು ಗಂಟೆಗೆ, ‘ಅವರಿಗೆ ಅಲ್ಲಿಗೆ ಹೋಗು ಅಂದವರು ಯಾರು’ ಎಂಬ ಮಾತೂ ಬಂತು. ಗೆದ್ದಾಗ ‘ಅಭಿಮಾನಿಗಳೇ ನಮ್ಮ ಶಕ್ತಿ’, ಸತ್ತಾಗ ‘ಹೋಗು ಅಂದವರು ಯಾರು’. ಪರಿಹಾರದ ಹಣ ಕೊಟ್ಟರು, ವಿಚಾರಣಾ ಆಯೋಗ ಕೂತಿತು, ಅದೆಲ್ಲ ಆಗಬೇಕಾದದ್ದೇ. ಆದರೆ ಆರ್‌ಸಿಬಿ ಅಭಿಮಾನಿ ಎಂದು ಎದೆ ತಟ್ಟಿಕೊಳ್ಳುವ ನಾನು ಆ ಹನ್ನೊಂದು ಹೆಸರುಗಳನ್ನು ಹೇಳಬಲ್ಲೆನೇ? ಇಲ್ಲ. ಹನ್ನೊಂದು ಆಟಗಾರರ ಹೆಸರು ಕೇಳಿ, ಬ್ಯಾಟಿಂಗ್ ಕ್ರಮದಲ್ಲಿ ಹೇಳುತ್ತೇನೆ.

ಕೋಲ್ಕತ್ತದವರು ಒಂದು ದಾರಿ ಕಂಡುಕೊಂಡಿದ್ದಾರೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಫುಟ್‌ಬಾಲ್ ಪಂದ್ಯದಲ್ಲಿ ಗಲಾಟೆಯಾಗಿ 16 ಪ್ರೇಕ್ಷಕರು ಸತ್ತರು. ಆ ದಿನವನ್ನು ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನ ಎಂದು ಆಚರಿಸುತ್ತಾರೆ, ರಕ್ತದಾನ ಮಾಡುತ್ತಾರೆ. ಇದನ್ನು ಓದಿದಾಗ ನನಗೆ ನಮ್ಮ ನೆತ್ತರುಗೊಡಗೆಯ ಮಾತೇ ನೆನಪಾಯಿತು. ಶಿವಮೊಗ್ಗ ಮುಟ್ಟುವ ಮೊದಲೇ ನನ್ನ ಗೆಳೆಯನ ಮೈಯಿಂದ ಹೋದದ್ದೂ ಅದೇ ತಾನೇ.

ಈಗ ಬೇಲಿಗೆ ಬರುತ್ತೇನೆ. ಈ ವರ್ಷ ಹಬ್ಬ ನಡೆಸುವ ಮೂರು ಊರಿನ ಕಮಿಟಿಯವರ ಜೊತೆ ಕೂತು ಮಾತಾಡಿದ್ದೇನೆ. ಒಬ್ಬರು, ‘ಹಬ್ಬದ ದಿನ ಸಾವಿನ ಮಾತು ಯಾಕ್ರೀ, ಅಪಶಕುನ’ ಎಂದರು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ, ವಾದ ಮಾಡಲಿಲ್ಲ, ಮುಂದಿನ ವರ್ಷ ಮತ್ತೆ ಹೋಗಿ ಕೂರುತ್ತೇನೆ. ಇಬ್ಬರು ಒಪ್ಪಿದ್ದಾರೆ. ಅದರಲ್ಲಿ ಒಂದು, ಅವನು ಸತ್ತ ಊರಿನದೇ ಕಮಿಟಿ. ಅವತ್ತು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟ ಹುಡುಗರಲ್ಲಿ ಒಬ್ಬ ಈಗ ಆ ಕಮಿಟಿಯಲ್ಲಿದ್ದಾನೆ. ಅವನು ನನ್ನ ಜೊತೆ ಅಖಾಡದ ಉದ್ದಕ್ಕೂ ನಡೆದು, ಗೆಳೆಯ ನಿಂತಿದ್ದ ಜಾಗ ತೋರಿಸಿದ. ಎಂಟು ವರ್ಷ ಆದರೂ ಒಂದು ಮಾರು ಆಚೀಚೆ ಆಗದ ಹಾಗೆ ತೋರಿಸಿದ. ಮೈಕಿನಲ್ಲಿ ಏನೂ ಆಗಿಲ್ಲ ಎಂದವರ ಮೇಲೆ ಇಷ್ಟು ವರ್ಷ ನನಗೆ ಸಿಟ್ಟಿತ್ತು. ಜನ ಗಾಬರಿಯಾಗಿ ಓಡಿದ್ದರೆ ಇನ್ನೂ ನಾಲ್ಕು ಜನ ಬೀಳುತ್ತಿದ್ದರಣ್ಣ, ಅದಕ್ಕೆ ಹಾಗಂದರು ಎಂದು ಅವನು ಹೇಳಿದ. ಇರಬಹುದು. ಅದೂ ಆ ಹಾಳೆಯಲ್ಲಿ ಬರೆಯಬೇಕಾದ ಮಾತು.

ನಮ್ಮ ಕಡೆ ಮೊದಲು ಊರ ದೇವರ ಹೋರಿ ಬಿಡುತ್ತೇವೆ, ಅದನ್ನು ಯಾರೂ ಹಿಡಿಯುವುದಿಲ್ಲ. ಅದನ್ನು ಬಿಡುವ ಮೊದಲು ಹಲಗೆ, ಪೀಪಿ ನಿಲ್ಲಿಸಿ, ಆ ಅಖಾಡದಲ್ಲಿ ಸತ್ತವರ ಹೆಸರು, ಊರು, ಹೇಗೆ ಸತ್ತರು ಎನ್ನುವುದನ್ನು ಮೈಕಿನಲ್ಲಿ ಓದುತ್ತೇವೆ ಎಂದು ಒಪ್ಪಿದ್ದಾರೆ. ಮೌನ ಬೇಡ, ಹೆಸರು ಹೇಳಿದ ಮೇಲೆ ಜನ ಕೂಗಲಿ. ಹೋರಿಯ ಹೆಸರನ್ನು ಅಷ್ಟು ಕೂಗುವ ಗಂಟಲು ಅದು, ಇದಕ್ಕೂ ಬರುತ್ತದೆ. ಅವನು ನಿಂತಿದ್ದ ಜಾಗದಿಂದ ಅಖಾಡದ ತುದಿಯವರೆಗೆ ಎರಡು ಸುತ್ತು ಬೇಲಿ, ನಡುವೆ ಆರು ಅಡಿ ಖಾಲಿ ಜಾಗ. ತುದಿಯಲ್ಲಿ ಹೋರಿ ಓಡಿಹೋಗಲು ಗದ್ದೆಯ ಕಡೆ ತೆರೆದ ದಾರಿ, ಅಲ್ಲಿ ಯಾರೂ ನಿಲ್ಲುವ ಹಾಗಿಲ್ಲ. ಒಂದು ಆಂಬುಲೆನ್ಸ್ ಬರುವ ತನಕ ಹೋರಿ ಬಿಡುವುದಿಲ್ಲ. ಫ್ಲೆಕ್ಸಿನ ದುಡ್ಡು ದಬ್ಬೆಗೆ. ದಬ್ಬೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದ್ದೇವೆ, ಈ ಸಭೆಯಲ್ಲಿ ಅಡಿಕೆ ತೋಟ ಇರುವವರು ತುಂಬ ಜನ ಇದ್ದೀರಿ, ಊಟದ ಹೊತ್ತಿಗೆ ನಾನು ಪುಸ್ತಕ ಹಿಡಿದುಕೊಂಡು ಬರುತ್ತೇನೆ. ಬಹುಮಾನದ ದುಡ್ಡಿನಲ್ಲಿ ಒಂದು ಪಾಲು ಸತ್ತವರ, ಗಾಯಗೊಂಡವರ ಮನೆಗೆ ಎನ್ನುವುದು ಇನ್ನೂ ಮಾತುಕತೆಯಲ್ಲಿದೆ. ಅದು ಕಷ್ಟ, ಹೋರಿ ಮಾಲೀಕರೂ ಸಾಲ ಮಾಡಿ ಹೋರಿ ಸಾಕಿರುತ್ತಾರೆ.

ಅವನ ಅವ್ವನ ಮಾತು ಹೇಳುತ್ತೇನೆ ಎಂದಿದ್ದೆ. ಹೋದ ವಾರ ಹೋದಾಗ ಅವರು ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೈ ಆಡಿಸಿದರು. ಆಮೇಲೆ, ‘ಪುಸ್ತಕದಾಗೆ ಹೆಸರು ಬ್ಯಾಡ ತಮ್ಮ, ಮೊಮ್ಮಕ್ಕಳು ಸಾಲಿಗೆ ಹೋಗ್ತಾವೆ, ಯಾರಾದ್ರೂ ಏನಾದ್ರೂ ಅಂತಾರೆ. ಅಖಾಡದಾಗೆ ಬೇಕಾದ್ರೆ ಕೂಗಿ ಹೇಳು, ಅಲ್ಲಿರೋರು ಕೇಳ್ಲಿ’ ಎಂದರು. ನಾನು ಎದ್ದು ಹೊರಟಾಗ ಮತ್ತೆ ಕರೆದರು. ‘ನೋಡಕ್ಕೆ ಹೋಗಿದ್ದ, ಹಿಡಿಯಕ್ಕಲ್ಲ. ಅದನ್ನ ಮಾತ್ರ ಬರಿ’ ಎಂದರು.

ಅಖಾಡದಲ್ಲಿ ಓದುವ ಕಾಗದವನ್ನು ಆ ಹುಡುಗನೂ ನಾನೂ ಕೂತು ಬರೆದಿದ್ದೇವೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ನಿಮ್ಮ ಮುಂದೆ ಓದುತ್ತೇನೆ:

‘ಶಿಕಾರಿಪುರ ತಾಲ್ಲೂಕಿನ ಇವರು ನಮ್ಮ ಹಬ್ಬ ನೋಡಲು ಬಂದಿದ್ದರು. ಹೋರಿ ಹಿಡಿಯಲು ಬಂದವರಲ್ಲ. ಬೇಲಿಯ ಹೊರಗೆ ನಿಂತಿದ್ದರು. ಕುಡಿದಿರಲಿಲ್ಲ. ಹೋರಿ ಹೋಗಲು ದಾರಿ ಇರಲಿಲ್ಲ, ಬೇಲಿ ಚಿಕ್ಕದಾಗಿತ್ತು. ಈ ವರ್ಷ ದಾರಿ ಬಿಟ್ಟಿದ್ದೇವೆ, ಬೇಲಿ ಎತ್ತರಿಸಿದ್ದೇವೆ.’

 ಹತ್ತನೇ ತರಗತಿಯ ಮಕ್ಕಳು ಊಟ ಮಾಡಿ ಎರಡು ಗಂಟೆಗೆ ಕೋಣೆಗೆ ಬನ್ನಿ.